ಅಣ್ಣು ಮಾಮನ ಹನ್ನೊಂದು ಹೆಜ್ಜೆ

೨೦೨೪ರ ಡಿಸೆಂಬರ್ ೧೦, ಮಂಗಳವಾರ, ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ಸೋನಾಲಿ ಒದ್ದ ಪೆನಾಲ್ಟಿ ಗೋಲಿನ ಮೇಲಿನ ಅಡ್ಡ ಬಾರಿಗೆ ಠಣ್ ಎಂದು ಬಡಿದು ಮೈದಾನಕ್ಕೇ ಮರಳಿ ಬಂತು. ಗಂಟೆ, ನಿಮಿಷ ಇಷ್ಟು ನಿಖರವಾಗಿ ಗೊತ್ತಿರುವುದು ವಿನೋದಿನಿಯ ದೆಸೆಯಿಂದ. ಸಯನ್ ಬಡಾವಣೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ವಿನೋದಿನಿ ಅಲ್ಲಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಕೂಡ. ಅವಳು ಬೇಡಿ ಪಡೆದ ಕೆಲಸ ಅದಲ್ಲ. ಸ್ಟಾಫ್ ಮೀಟಿಂಗಿನಲ್ಲಿ ಎಲ್ಲರೂ ಕಿಟಕಿಯಾಚೆ ನೋಡುತ್ತ ಕೂತಾಗ ಪ್ರಿನ್ಸಿಪಾಲರ ಕಣ್ಣಿಗೆ ಬಿದ್ದವಳು ಅವಳೊಬ್ಬಳೇ. ಆದರೆ ತಲೆಗೆ ಕಟ್ಟಿದ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವುದು ಅವಳ ಜಾಯಮಾನ. ಪ್ರತಿ ಪಂದ್ಯಕ್ಕೂ ಒಂದು ನೋಟ್‌ಬುಕ್ಕು, ಪ್ರತಿ ಒದೆತಕ್ಕೂ ಒಂದು ಸಾಲು. ಹುಡುಗಿಯರು ಬೆನ್ನ ಹಿಂದೆ ಅವಳಿಗೆ 'ಸೆಂಟಿಮೀಟರ್ ಮ್ಯಾಮ್' ಎಂದು ಹೆಸರಿಟ್ಟಿದ್ದರು. ಅದು ಅವಳಿಗೂ ಗೊತ್ತಿತ್ತು. ಒಳಗೊಳಗೇ ಇಷ್ಟವೂ ಆಗಿತ್ತು.

ಬಾಂದ್ರಾದ ಮೈದಾನದಲ್ಲಿ ನಡೆದ ಆ ಪಂದ್ಯ ಲೀಗಿನ ಏಳರಲ್ಲಿ ಆರನೆಯದು. ಎದುರು ತಂಡ ಒಂದು ಗೋಲು ಮುಂದಿತ್ತು. ಸೋನಾಲಿಯ ಚೆಂಡು ಒಳಗೆ ಹೋಗಿದ್ದರೆ ಪಂದ್ಯ ಸಮವಾಗಿ, ಮೊದಲ ನಾಲ್ಕರಲ್ಲಿ ಬರುವ ಆಸೆ ಉಳಿಯುತ್ತಿತ್ತು. ಉಳಿಯಲಿಲ್ಲ. ನವೆಂಬರ್ ೧೯ರಂದು ಬೇರೊಂದು ಮೈದಾನದಲ್ಲಿಯೂ ಇದೇ ಸೋನಾಲಿ ಪೆನಾಲ್ಟಿ ಒದ್ದು, ಅದೂ ಬಾರಿಗೆ ತಾಗಿ ಮೇಲೆ ಹಾರಿತ್ತು. ವಿಚಿತ್ರವೆಂದರೆ, ಕಾಲೇಜಿನ ಹಿಂದಿನ ಸ್ವಂತ ಅಂಗಳದಲ್ಲಿ ಪ್ರಾಕ್ಟೀಸಿಗೆ ಒದ್ದಾಗ ಅವಳ ಚೆಂಡು ತಪ್ಪುತ್ತಲೇ ಇರಲಿಲ್ಲ. ಎಡ ಮೂಲೆ, ಬಾರಿನ ಕೆಳಗೆ, ಪ್ರತಿ ಸಲವೂ ಅಲ್ಲೇ. ವಿನೋದಿನಿಯ ನೋಟ್‌ಬುಕ್ಕಿನಲ್ಲಿ ಅಕ್ಟೋಬರಿನಿಂದ ಇಲ್ಲಿಯವರೆಗೆ ಅರವತ್ತಕ್ಕೆ ಐವತ್ತೆಂಟು ಎಂದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಸೋನಾಲಿ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಹಿಂದಿನ ಸೀಟಿನಿಂದ ಗೋಲ್‌ಕೀಪರ್ ಯಕ್ಷಿತಾ ತಲೆ ಚಾಚಿದಳು.

"ಸೋನೂ, ಆ ಬಾರ್ ಜೊತೆ ನಿಂದು ಎಂಗೇಜ್‌ಮೆಂಟ್ ಆಗಿದ್ಯಾ ಹೇಗೆ? ಎಲ್ಲಿ ಹೋದ್ರೂ ಸೀದಾ ಅದನ್ನೇ ಹುಡುಕ್ಕೊಂಡು ಹೋಗ್ತೀಯಲ್ಲ!"

"ಚುಪ್ ಬೈಠ್, ಯಾರ್."

"ಕಾರ್ಡ್ ಆದ್ರೂ ಕೊಡೇ. ಊಟ ನಮ್ಮಪ್ಪನ ಹೋಟೆಲಿಂದ."

ಕೆಲವರು ನಕ್ಕರು. ಸೋನಾಲಿ ನಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಕೋಚ್ ಸುಭಾಷ ಹಿಂದೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ: "ನಗಬ್ಯಾಡ್ರಿ. ಕಾಲು ಚಲೋ ಅದ ಆಕಿಂದು. ಎದಿ ಇಲ್ಲ. ಮನಿ ಅಂಗಳದಾಗ ಹುಲಿ, ಹೊರಗ ಬಂದ್ರ ಬೆಕ್ಕು. ಏನ್ ಮಾಡೂದು?"

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು, ಆ ಮಾತು ಕೊನೆಯ ಸೀಟಿನವರೆಗೂ ಹೋಯಿತು.

ಕಾಲೇಜಿನ ಗೇಟಿನ ಬಳಿ ಎಲ್ಲರೂ ಇಳಿದು ಚದುರಿದ ಮೇಲೆ ಸುಭಾಷ ವಿನೋದಿನಿಯನ್ನು ನಿಲ್ಲಿಸಿದ. ಯೂನಿವರ್ಸಿಟಿ ತಂಡದ ಆಯ್ಕೆಗೆ ಪ್ರತಿ ಕಾಲೇಜೂ ಇಬ್ಬರ ಹೆಸರು ಕಳಿಸಬೇಕು. ಸೆಪ್ಟೆಂಬರಿನಲ್ಲೇ ಯಕ್ಷಿತಾ ಮತ್ತು ಸೋನಾಲಿಯ ಹೆಸರು ಹೋಗಿತ್ತು. ಬದಲಿಸುವುದಿದ್ದರೆ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಕಾರಣ ಬರೆದು ತಿಳಿಸಬೇಕು.

"ಸೋನಾಲಿದು ತೆಗದು ಕ್ಯಾಪ್ಟನ್ ಶ್ರಾವ್ಯಾಂದು ಹಾಕೋಣ್ರಿ ಮೇಡಂ. ಕಾರಣ ನೀವ ಬರೀರಿ. ನಿಮ್ಮ ಇಂಗ್ಲಿಷ್ ಚಲೋ ಅದ."

"ಎರಡು ಒದೆತಕ್ಕೆ ಒಂದು ಹುಡುಗಿಯ ಹೆಸರು ತೆಗೆಯೋದಾ?"

"ಎರಡಲ್ರಿ, ಎರಡಕ್ಕ ಎರಡು. ಪ್ರಾಕ್ಟೀಸಿನಾಗ ಐವತ್ತೆಂಟು ಅಂತ ನೀವ ಬರದೀರಿ. ನಡುವ ಬದಲಾಗಿದ್ದು ಏನ್ರಿ? ಬರೇ ಪ್ರೆಶರ್. ನಿಮ್ಮ ಲೆಕ್ಕದಾಗ ಇದಕ್ಕ ಬ್ಯಾರೆ ಏನರ ಕಾರಣ ಅದ ಏನು?"

ಇರಲಿಲ್ಲ. ಅಂಗಳದಲ್ಲಿ ಐವತ್ತೆಂಟು, ಹೊರಗೆ ಸೊನ್ನೆ. ಬದಲಾದದ್ದು ಎದುರಾಳಿ, ಜನ, ಸೀಟಿ. ಅವಳ ಅಂಕಿ ಅಂಶವೇ ಸುಭಾಷನ ಕಡೆ ಸಾಕ್ಷಿ ಹೇಳುತ್ತಿತ್ತು. ಬುಧವಾರ ಬೆಳಿಗ್ಗೆ ಸ್ಟಾಫ್‌ರೂಮಿನಲ್ಲಿ ಕೂತು ವಿನೋದಿನಿ ಪತ್ರ ಬರೆದಳು. ಸೋನಾಲಿ ಒಳ್ಳೆಯ ಆಟಗಾರ್ತಿ, ಆದರೆ ಒತ್ತಡದಲ್ಲಿ ಮನಃಸ್ಥೈರ್ಯ ಕಳೆದುಕೊಳ್ಳುತ್ತಾಳೆ ಎಂಬ ಅರ್ಥದ ಒಂದೇ ವಾಕ್ಯ, ಕೆಳಗೆ ಬದಲಿಗೆ ಶ್ರಾವ್ಯಾಳ ಹೆಸರು. ಎರಡು ಸಲ ಓದಿ, ಒಂದು ಅಲ್ಪವಿರಾಮ ಸರಿಪಡಿಸಿ, ಪ್ರಿನ್ಸಿಪಾಲರ ಸಹಿಗೆಂದು ಆಫೀಸಿನ ಟ್ರೇಯಲ್ಲಿ ಇಟ್ಟು ಬಂದಳು.

ಬುಧವಾರ ಸೋನಾಲಿ ಪ್ರಾಕ್ಟೀಸಿಗೆ ಬರಲಿಲ್ಲ. ಗುರುವಾರವೂ ಇಲ್ಲ.

ಗುರುವಾರ ಹನ್ನೊಂದರ ಸುಮಾರಿಗೆ ಭೌತಶಾಸ್ತ್ರ ವಿಭಾಗದ ಬಾಗಿಲಲ್ಲಿ ಒಬ್ಬ ಮನುಷ್ಯ ಚಪ್ಪಲಿ ಕಳಚಿ ನಿಂತಿದ್ದ. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಸಿಮೆಂಟು. ಸೋನಾಲಿಯ ಅಪ್ಪ ಯಲ್ಲಾಲಿಂಗ. ಕಲಬುರಗಿ ಕಡೆಯಿಂದ ಬಂದು ಇಪ್ಪತ್ತೆರಡು ವರ್ಷದಿಂದ ಭಾಂಡುಪಿನಲ್ಲಿದ್ದ. ಗಾರೆ ಕೆಲಸದ ಮೇಸ್ತ್ರಿ.

"ಚಪ್ಪಲಿ ಹಾಕ್ಕೊಂಡೇ ಬನ್ನಿ. ಕೂತ್ಕೊಳ್ಳಿ."

"ಇರ್ಲಿ ಬಿಡ್ರಿ ಮೇಡಮ್ಮಾರ. ಸೈಟಿಗಿ ಹೋಗಬೇಕು, ಅರ್ಧ ದಿನ ರಜಾ ತಗೊಂಡೀನಿ." ಅವನು ಕೂರಲಿಲ್ಲ. "ಹುಡುಗಿ ಎರಡ್ ದಿನ ಆಯ್ತು, ಬೂಟ್ ಮುಟ್ಟವಲ್ಲಳು. ಕೇಳಿದ್ರ ನಂಗ ಧೈರ್ಯ ಇಲ್ಲಂತ, ನಾ ಇನ್ನ ಆಡಂಗಿಲ್ಲ ಅಂತಾಳ. ಪೇಪರದಾಗ ಹಂಗ ಬರದು ಕಳಸ್ತೀರಂತ, ಆಫೀಸಿನಾಗ ನೋಡಿದ ಗೆಳತಿ ಒಬ್ಬಾಕಿ ಹೇಳ್ಯಾಳಂತ. ಹೌದೇನ್ರಿ?"

ವಿನೋದಿನಿ ಹೌದೆಂದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ.

ಯಲ್ಲಾಲಿಂಗ ಗೋಡೆಯ ಮೇಲಿದ್ದ ಲೋಲಕದ ಚಿತ್ರ ನೋಡಿದ. ಜಗಳಕ್ಕೆ ಬಂದವನ ಹಾಗೆ ಕಾಣಲಿಲ್ಲ.

"ನಾ ಓದಿದಾಂವ ಅಲ್ರಿ. ಚೆಂಡಿನ ಆಟ ನಂಗ ತಿಳಿಯಂಗಿಲ್ಲ. ಆದ್ರ ಧೈರ್ಯ ಇಲ್ಲ ಅಂದ್ರ... ಐದ್ ವರ್ಷದಾಕಿ ಇದ್ದಾಗ ಹನ್ನೊಂದನೇ ಮಾಳಿಗಿ ಮ್ಯಾಲ ನಮಗ ಬುತ್ತಿ ತಂದ್ ಕೊಟ್ಟಾಕಿರಿ ಅಕಿ. ಕಟ್ಟಿ ಇಲ್ಲ, ಗ್ವಾಡಿ ಇಲ್ಲ. ಅವ್ರವ್ವ ಸುಂದ್ರವ್ವ ಕೆಳಗ ನಿಂತು ಒದರಾಕತ್ತಿದ್ಳು, ಇಕಿ ಮ್ಯಾಲಿಂದ ಟಾಟಾ ಮಾಡಾಕತ್ತಿದ್ಳು." ಅವನು ತುಸು ನಕ್ಕು ತಕ್ಷಣ ಗಂಭೀರನಾದ. "ನಮ್ಮ ಕೆಲಸದಾಗ ಗ್ವಾಡಿ ಸೊಟ್ಟ ಬಂತು ಅಂದ್ರ ಇಟ್ಟಂಗಿಗಿ ಬಯ್ಯಂಗಿಲ್ರಿ. ಮೊದಲು ದಾರ ನೋಡ್ತೀವಿ. ದಾರ ಯಾರು ಕಟ್ಟಿದ್ರು, ಎಲ್ಲಿ ಕಟ್ಟಿದ್ರು ನೋಡ್ತೀವಿ. ನೀವು ನೋಡೀರಿ ಅಂದ್ರ ಆಯ್ತು, ನಂದೇನಿಲ್ಲ."

ನಮಸ್ಕಾರ ಮಾಡಿ ಹೋದ. ಚಪ್ಪಲಿಯ ಸದ್ದು ಮೆಟ್ಟಿಲಿಳಿಯುವವರೆಗೂ ವಿನೋದಿನಿ ನಿಂತೇ ಇದ್ದಳು. ಅವನು ಹೇಳಿದ್ದು ಅವಳ ಪಾಠವೇ. ಮೊದಲ ವರ್ಷದ ಮಕ್ಕಳಿಗೆ ಮೊದಲ ದಿನ ಬೋರ್ಡಿನ ಮೇಲೆ ಅವಳೇ ಬರೆಯುತ್ತಾಳೆ: ಉತ್ತರ ತಪ್ಪಿದರೆ ಮೊದಲು ಉಪಕರಣ ನೋಡಿ, ಆಮೇಲೆ ವಿಧಾನ ನೋಡಿ, ಆಮೇಲೆ ನಿಮ್ಮನ್ನು ನೋಡಿಕೊಳ್ಳಿ. ಅಳೆಸಿಕೊಂಡ ವಸ್ತುವನ್ನು ದೂರಬೇಡಿ.

ಮಧ್ಯಾಹ್ನ ಒಂದೂವರೆಗೆ ಪ್ರಾಕ್ಟಿಕಲ್. ಶಬ್ದದ ವೇಗ ಕಂಡುಹಿಡಿಯುವ ಪ್ರಯೋಗ; ಅದಕ್ಕೆ ಕಾರಿಡಾರಿನ ಉದ್ದ ಬೇಕು. ಲ್ಯಾಬಿನಲ್ಲಿ ಹದಿನೈದು ಮೀಟರಿನ ಹಳೆಯ ಬಟ್ಟೆಯ ಟೇಪೊಂದಿತ್ತು. ತುದಿಯ ಉಂಗುರ ಯಾವತ್ತೋ ಹೋಗಿ, ಮೊದಲ ಏಳೆಂಟು ಸೆಂಟಿಮೀಟರು ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಅದಕ್ಕೇ ಆ ಲ್ಯಾಬಿನ ಕಟ್ಟಳೆ: ಸೊನ್ನೆಯಿಂದ ಅಳೆಯಬಾರದು. ಒಂದು ಮೀಟರಿನ ಗೆರೆಯನ್ನು ಗೋಡೆಗೆ ಹಿಡಿಯಬೇಕು, ಆಚೆ ತುದಿಯಲ್ಲಿ ಓದಿದ್ದರಲ್ಲಿ ಒಂದನ್ನು ಕಳೆಯಬೇಕು. ಸವೆದ ತುದಿಯನ್ನು ನಂಬಬಾರದೆಂದು ಶಾಲೆಯಿಂದಲೇ ಕಲಿಸುತ್ತಾರಲ್ಲ, ಹಾಗೆ.

ಹುಡುಗನೊಬ್ಬ ಕಾರಿಡಾರಿನ ಉದ್ದ ೧೩.೪೦ ಎಂದು ಬರೆದು ತಂದ. ಉಳಿದವರೆಲ್ಲರದೂ ೧೨.೪೦. ವಿನೋದಿನಿ ಕೆಂಪು ಪೆನ್ನಿನಿಂದ ಅಭ್ಯಾಸಬಲದಲ್ಲಿ ಗೀಚಿದಳು: 'ಒಂದು ಕಳೆಯಲಿಲ್ಲ.'

ಪೆನ್ನು ಅಲ್ಲೇ ನಿಂತಿತು.

ಅಕ್ಟೋಬರ್ ೧೪, ಸೋಮವಾರ. ಮಳೆ ಮುಗಿದು ಅಂಗಳ ಒಣಗಿತ್ತು. ಮಳೆಗಾಲದಲ್ಲಿ ನೀರಿನ ಪೈಪಿಗೆಂದು ಗೋಲಿನ ಮುಂದೆ ಅಗೆದಾಗ ಪೆನಾಲ್ಟಿ ಜಾಗದ ಇಟ್ಟಿಗೆ ಕಿತ್ತುಹೋಗಿತ್ತು. ಆ ಅಂಗಳದಲ್ಲಿ ಪೆನಾಲ್ಟಿ ಚುಕ್ಕೆ ಅಂದರೆ ಬರೀ ಸುಣ್ಣವಲ್ಲ. ನೆಲದ ಮಟ್ಟಕ್ಕೆ ಒಂದು ಇಟ್ಟಿಗೆ ಹೂತು ಅದರ ಮೇಲೆ ಸುಣ್ಣ ಬಳಿಯುತ್ತಿದ್ದರು, ಪ್ರತಿ ಸಲ ಅಳೆಯುವ ತಾಪತ್ರಯ ಬೇಡವೆಂದು. ಮೂವತ್ತು ವರ್ಷದಿಂದ ಅಂಗಳ ನೋಡಿಕೊಳ್ಳುತ್ತಿದ್ದ ಕಾರ್ಕಳದ ಅಣ್ಣು ಮಾಮ ಹೆಜ್ಜೆ ಹಾಕಿ ಹೂಳಲು ಹೊರಟಿದ್ದ. "ಹೆಜ್ಜೆ ಎಲ್ಲ ಯಾಕೆ ಮಾಮ, ಟೇಪು ತರ್ತೇನೆ," ಎಂದು ವಿನೋದಿನಿಯೇ ಲ್ಯಾಬಿಗೆ ಓಡಿದ್ದಳು. ಗೋಲಿನ ಗೆರೆಗೆ ಸರಿಯಾಗಿ ಅಣ್ಣು ಮಾಮ ಹಿಡಿದದ್ದು ಒಂದು ಮೀಟರಿನ ಗುರುತು. ಹಾಗೆ ಹಿಡಿಯಿರಿ ಎಂದು ಹೇಳಿದವಳು ಅವಳು. ಈ ತುದಿಯಲ್ಲಿ ಮಂಡಿಯೂರಿ ಅವಳು ನೋಡಿದ್ದು ಹನ್ನೊಂದರ ಗುರುತು. ಅಲ್ಲೇ ಇಟ್ಟಿಗೆ ಹೂತರು.

ಹನ್ನೆರಡನ್ನು ನೋಡಬೇಕಿತ್ತು.

ಪ್ರಾಕ್ಟಿಕಲನ್ನು ಸಹಾಯಕನಿಗೆ ಒಪ್ಪಿಸಿ ಅವಳು ಟೇಪು ಹಿಡಿದು ಕೆಳಗಿಳಿದಳು. ಅಣ್ಣು ಮಾಮ ಗೋಡೆಯ ನೆರಳಿನಲ್ಲಿ ಪಂಪಿನ ಪೈಪು ಸುತ್ತುತ್ತಿದ್ದ.

"ಮಾಮ, ಸ್ವಲ್ಪ ಬನ್ನಿ. ಈ ಇಟ್ಟಿಗೆ ಅಳೀಬೇಕು."

"ಪುನಃ ಎಂತಕ್ಕೆ ಟೀಚರ್?"

"ಬನ್ನಿ ಮಾರಾಯ್ರೆ."

ಅವನು ಒಂದು ಮೀಟರಿನ ಗುರುತನ್ನು ಗೋಲಿನ ಗೆರೆಗೆ ಹಿಡಿದ, ಕೇಳದೆಯೇ. ಅಕ್ಟೋಬರಿನ ಪಾಠ ನೆನಪಿತ್ತು. ಇಟ್ಟಿಗೆಯ ನಡುವೆ ಟೇಪು ತೋರಿಸಿದ್ದು ಹನ್ನೊಂದು. ಹನ್ನೊಂದರಲ್ಲಿ ಒಂದು ಹೋದರೆ ಹತ್ತು. ಅವಳು ಮಂಡಿಯೂರಿದವಳು ಏಳಲಿಲ್ಲ.

ಅಣ್ಣು ಮಾಮ ಹತ್ತಿರ ಬಂದು, ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಮುಖ ಒರೆಸಿಕೊಂಡ. "ನಾನು ಆಗಲೇ ಹೇಳಿದ್ದೆ ಅಲ್ವಾ?"

"ಎಂತ ಹೇಳಿದ್ರಿ?"

"ನೀವು ಹೋದ ಮೇಲೆ ನಾನು ಹೆಜ್ಜೆ ಹಾಕಿ ನೋಡಿದೆ. ಯಾವತ್ತೂ ನನಗೆ ಇಲ್ಲಿಗೆ ಹನ್ನೆರಡು ಹೆಜ್ಜೆ. ಆವತ್ತು ಹನ್ನೊಂದೇ ಬಂತು. ಮರುದಿನ ನಿಮಗೆ ಹೇಳಿದೆ. ನೀವು ನಗಾಡಿದ್ರಿ. 'ಮಾಮ, ನಿಮ್ಮ ಕಾಲು ಉದ್ದ ಆಯ್ತಾ?' ಅಂತ ಕೇಳಿದ್ರಿ. ಟೇಪಿನ ಎದುರು ನನ್ನ ಕಾಲಿಗೆ ಎಂತ ಬೆಲೆ ಉಂಟು? ಸುಮ್ಮನಾದೆ."

ಅವಳಿಗೆ ನೆನಪಾಯಿತು. ನಕ್ಕದ್ದೂ ನೆನಪಾಯಿತು. ಪೆನಾಲ್ಟಿಯ ದೂರ ನಿಯಮದಲ್ಲಿ ಹನ್ನೆರಡು ಗಜ, ಹನ್ನೊಂದು ಮೀಟರಿಗೆ ಒಂದೆರಡು ಬೆರಳು ಕಡಿಮೆ. ಅಣ್ಣು ಮಾಮನ ಹೆಜ್ಜೆ ಸರಿಯಾಗಿ ಒಂದು ಗಜ. ಹತ್ತು ಮೀಟರಿಗೆ ಹನ್ನೊಂದು ಹೆಜ್ಜೆ. ಅವನ ಕಾಲು ಒಂದು ಅಂಗುಲವೂ ತಪ್ಪು ಹೇಳಿರಲಿಲ್ಲ.

ಅಲ್ಲೇ ಮೆಟ್ಟಿಲ ಮೇಲೆ ಕೂತು ಹಾಜರಿ ಪಟ್ಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದಳು. ಸೋನಾಲಿಯ ಚೆಂಡಿನ ವೇಗ ಸೆಕೆಂಡಿಗೆ ಸುಮಾರು ಇಪ್ಪತ್ತು ಮೀಟರು. ಫೋನಿನ ವಿಡಿಯೊದಿಂದ ಹಿಂದೆಯೇ ತೆಗೆದಿಟ್ಟ ಅಂಕಿ. ಅಂಗಳದ ಗೋಲು ದಾಟುವಾಗ ಚೆಂಡಿನ ನೆತ್ತಿ ಬಾರಿಗಿಂತ ಏಳೆಂಟು ಸೆಂಟಿಮೀಟರು ಕೆಳಗೆ, ಇನ್ನೂ ಏರುತ್ತಲೇ ಇರುತ್ತದೆ. ಒಂದು ಮೀಟರು ಹಿಂದಿನಿಂದ ಅದೇ ಒದೆತ ಒದ್ದರೆ ಗೋಲು ತಲುಪುವ ಹೊತ್ತಿಗೆ ಇನ್ನೂ ಹತ್ತು ಸೆಂಟಿಮೀಟರು ಏರಿರುತ್ತದೆ. ಒಳಗೆ ಹೋಗುವುದಿಲ್ಲ, ಬಾರಿನ ಮೇಲಿಂದ ನೇರ ಆಚೆಗೂ ಹೋಗುವುದಿಲ್ಲ. ಬಾರಿಗೇ ಬಡಿಯುತ್ತದೆ. ಎರಡು ಸಲವೂ ಬಾರಿಗೇ ಬಡಿದಿತ್ತು.

ಎದೆಗಾರಿಕೆ ಇಲ್ಲದವಳ ಕಾಲು ನಡುಗಿದ್ದರೆ ಚೆಂಡು ಎಲ್ಲೆಲ್ಲೋ ಹೋಗಬೇಕಿತ್ತು. ಈ ಹುಡುಗಿ ಎರಡು ಪರ ಮೈದಾನಗಳಲ್ಲಿ, ಅಷ್ಟು ಜನರ ಗಲಾಟೆಯ ನಡುವೆ, ಐವತ್ತೆಂಟು ಸಲ ಒದ್ದ ಒದೆತವನ್ನೇ ಕೂದಲೆಳೆ ವ್ಯತ್ಯಾಸವಿಲ್ಲದೆ ಒದ್ದಿದ್ದಳು. ಅದಕ್ಕೇ ತಪ್ಪಿತ್ತು. ಎರಡೇ ಒದೆತದಿಂದ ಏನನ್ನೂ ಸಾಧಿಸಿದ ಹಾಗಾಗದು ಎಂದು ಅವಳ ಒಳಗಿನ ವಿಜ್ಞಾನಿ ತಕರಾರು ತೆಗೆದ. ನಿಜ. ಆದರೆ ಅದೇ ಎರಡು ಒದೆತದ ಮೇಲೆ ಬುಧವಾರ ಪತ್ರ ಬರೆಯುವಾಗ ಆ ವಿಜ್ಞಾನಿ ಎಲ್ಲಿ ಹೋಗಿದ್ದ?

ಸುಭಾಷನಿಗೆ ಫೋನ್ ಮಾಡಿ ಎಲ್ಲ ಹೇಳಿದಳು. ಅವನು ಲೋಕಲ್ ಟ್ರೇನಿನಲ್ಲಿದ್ದ.

"ನಂಗೂ ಒಮ್ಮೊಮ್ಮೆ ಸಮೀಪ ಅನಸ್ತಿತ್ರಿ," ಎಂದ. "ಆದ್ರ ನೀವು ಟೇಪ್ ಹಿಡದು ಅಳದೀರಿ ಅಂದ ಮ್ಯಾಲ ಇನ್ನೇನ್ ಕೇಳೂದು ಅಂತ ಬಿಟ್ಟೆ."

"ಪತ್ರ ವಾಪಸ್ ತಗೋತೇನೆ. ಸೋನಾಲಿಯ ಹೆಸರೇ ಇರಲಿ."

"ಇರ್ಲಿ. ಆದ್ರ ಹುಡುಗ್ಯಾರ ಮುಂದ ಇದೆಲ್ಲ ಹೇಳಬ್ಯಾಡ್ರಿ ಮೇಡಂ. ನಾಳೆ ಅಣ್ಣು ಮಾಮಗ ಹೇಳಿ ಇಟ್ಟಂಗಿ ಸರಸೂಣು. ಯಾರಿಗೂ ಗೊತ್ತಾಗಂಗಿಲ್ಲ. ನೀವ ಹಿಂಗ ಅಂದ್ರ ಸುಮ್ನ ನಗ್ತಾರ. ಸೈನ್ಸ್ ಮೇಡಂ ಅಂತ, ಒಂದ್ ಮೀಟರ್ ಕಳೀಲಿಕ್ಕ ಬರಲಿಲ್ಲ ಅಂತ."

ಅದೇ ಅವಳ ಭಯವೂ ಆಗಿತ್ತು. ಇಟ್ಟಿಗೆ ಸರಿಸುವುದು ಐದು ನಿಮಿಷದ ಕೆಲಸ. ಪತ್ರ ಹರಿಯುವುದು ಐದು ಸೆಕೆಂಡಿನದು. ಹೆಸರು ಉಳಿಯುತ್ತದೆ, ತಪ್ಪು ಮಣ್ಣಿನಡಿ ಹೋಗುತ್ತದೆ. ಆದರೆ ಭಾಂಡುಪಿನ ಒಂದು ಕೋಣೆಯಲ್ಲಿ ಬೂಟು ಮುಟ್ಟದೆ ಕೂತ ಹುಡುಗಿಗೆ ಯಾರು ಏನು ಹೇಳಿದ ಹಾಗಾಯಿತು? ನಿನ್ನ ಮೇಲೆ ದಯೆ ತೋರಿಸಿ ಹೆಸರು ಉಳಿಸಿದೆವು ಎಂದೇ ಅವಳು ತಿಳಿಯುತ್ತಾಳೆ. ಆ ವಾಕ್ಯ ಕಾಗದದಿಂದ ಅಳಿದರೂ ಅವಳೊಳಗೆ ಉಳಿಯುತ್ತದೆ.

ಸಂಜೆ ಯಲ್ಲಾಲಿಂಗನಿಗೆ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ಏಳಕ್ಕೆ ಸೋನಾಲಿಯನ್ನು ಕಳಿಸಿ. ದಾರ ನೋಡಿದೆ. ಕಟ್ಟಿದ್ದು ನಾನೇ. ಸೊಟ್ಟ ಇತ್ತು."

"ಎಷ್ಟು ಸೊಟ್ಟರಿ?"

"ಒಂದು ಮೀಟರ್."

"ಅಯ್ಯ ಶಿವನೆ!" ಎಂದ ಮೇಸ್ತ್ರಿ. ಎರಡು ದಶಕದ ಅನುಭವದಲ್ಲಿ ಅಷ್ಟು ಸೊಟ್ಟ ಅವನೂ ಕಂಡಿರಲಿಕ್ಕಿಲ್ಲ. "ನಮ್ಮ ಸ್ಟೀಲಿನ ಟೇಪ್ ಕೊಟ್ಟ ಕಳಸ್ತೀನ್ರಿ. ಅದರ ತುದಿ ಗಟ್ಟಿ ಅದ."

ಶುಕ್ರವಾರ ಏಳಕ್ಕೆ ಅಂಗಳದಲ್ಲಿ ತುಸು ಮಂಜು. ಹುಡುಗಿಯರು ಅರ್ಧಚಂದ್ರಾಕಾರದಲ್ಲಿ ನಿಂತಿದ್ದರು. ಎಲ್ಲರಿಗಿಂತ ಹಿಂದೆ, ಚಪ್ಪಲಿಯಲ್ಲಿ, ಕೈಯಲ್ಲಿ ಟೇಪಿನ ಡಬ್ಬಿ ಹಿಡಿದು ಸೋನಾಲಿ. ವಿನೋದಿನಿ ಮುನ್ನುಡಿಯಿಲ್ಲದೆ ಹೇಳಿದಳು, ತರಗತಿಯಲ್ಲಿ ಹೇಳುವ ಹಾಗೆ. ಟೇಪಿನ ತುದಿ ಸವೆದದ್ದು. ಒಂದರಿಂದ ಅಳೆದದ್ದು. ಒಂದನ್ನು ಕಳೆಯಲು ಮರೆತದ್ದು. ಅಣ್ಣು ಮಾಮ ಎಚ್ಚರಿಸಿದ್ದು, ತಾನು ನಕ್ಕದ್ದು. ಬಾರಿನ ಹತ್ತು ಸೆಂಟಿಮೀಟರು.

"ಸೋನಾಲಿಗೆ ಧೈರ್ಯ ಇಲ್ಲ ಅಂತ ಬರೆದದ್ದು ನಾನು. ಅದು ತಪ್ಪು. ಒದೆತದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ಈ ಇಟ್ಟಿಗೆಯಲ್ಲಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಸುಭಾಷ ಕ್ಯಾಪು ತೆಗೆದು ತಲೆ ಕೆರೆದುಕೊಂಡ. ಬುಧವಾರದ ಪತ್ರದಲ್ಲಿ ಹೆಸರು ಸೇರಿದ್ದ ಶ್ರಾವ್ಯಾ ಬಗ್ಗಿ ಶೂ ಲೇಸು ಕಟ್ಟತೊಡಗಿದಳು, ಆಗಲೇ ಸರಿಯಾಗಿ ಕಟ್ಟಿದ್ದ ಲೇಸು. ಆ ಹುಡುಗಿಯ ತಪ್ಪೂ ಏನಿರಲಿಲ್ಲ. ಒಂದು ತಪ್ಪನ್ನು ಸರಿಪಡಿಸುವಾಗ ಅದರ ಬೆಲೆ ಯಾರ ಪಾಲಿಗೆ ಹೋಗುತ್ತದೆ ಎಂಬುದು ಯಾವ ಲ್ಯಾಬ್ ಪುಸ್ತಕದಲ್ಲೂ ಇಲ್ಲ ಎಂದು ವಿನೋದಿನಿಗೆ ಅನಿಸಿತು. ಆಮೇಲೆ ಅವಳೊಡನೆ ಬೇರೆಯಾಗಿ ಮಾತಾಡಬೇಕು ಎಂದುಕೊಂಡಳು.

ಸೋನಾಲಿ ಮುಂದೆ ಬಂದಳು. ಸಿಟ್ಟಿನಲ್ಲಿ ಅವಳ ಕನ್ನಡ ಇನ್ನಷ್ಟು ತಡವರಿಸಿತು.

"ಮ್ಯಾಮ್, ಮೈ... ನಾ ಎರಡ್ ರಾತ್ರಿ ಸೋಯೀ ನಹೀ. ನಿದ್ದಿ ಇಲ್ಲ. ಆಪ್ ತೋ ಎಲ್ಲಾ ಅಳೀತೀರಿ. ಬೂಟ್ ಭಿ ಅಳೀತೀರಿ, ನೀರಿನ ಬಾಟಲ್ ಭಿ ಅಳೀತೀರಿ. ನನ್ನ ಧೈರ್ಯ ಬರಿಯೂ ಮೊದಲ ಒಂದ್ ಸಲ ಇದನ್ನ ಅಳೀಬೇಕಿತ್ತಲ್ಲ?"

"ಹೌದು. ಅಳೀಬೇಕಿತ್ತು."

"ಹೂಂ," ಎಂದಳು ಸೋನಾಲಿ. ಟೇಪಿನ ಡಬ್ಬಿ ಮುಂದೆ ಚಾಚಿದಳು. "ಪಪ್ಪಾ ಕೊಟ್ಟಾರ. ಜೀರೋ ಕಡೆ ನಾ ಹಿಡೀತೀನಿ. ನೀವ್ ಬೇಡ."

ಆ ಹೊತ್ತಿಗೆ ಯಕ್ಷಿತಾ ಕೈ ಎತ್ತಿದಳು. ಅವಳ ಮುಖ ಪೆಚ್ಚಾಗಿತ್ತು.

"ಮ್ಯಾಮ್, ಒಂದು ಡೌಟು. ಈ ಸೀಸನ್ನಲ್ಲಿ ನಾನು ಎರಡು ಪೆನಾಲ್ಟಿ ಹಿಡಿದೆ ಅಲ್ವಾ? ಇಲ್ಲಿ ಹತ್ತು ಮೀಟರಿಂದ ಹಿಡಿದು ಪ್ರಾಕ್ಟೀಸ್ ಆಗಿ, ಅಲ್ಲಿ ಹನ್ನೊಂದರಿಂದ ಬಂದದ್ದು ನಂಗೆ ನಿಧಾನ ಕಂಡಿತ್ತು. ಹಾಗಾದ್ರೆ ಅದು... ನನ್ನ ಟ್ಯಾಲೆಂಟ್ ಅಲ್ವಾ?"

ಈಗ ಎಲ್ಲರೂ ನಕ್ಕರು. ಸೋನಾಲಿಯೂ.

"ಇಟ್ಟಂಗಿದೇ ಟ್ಯಾಲೆಂಟ್," ಎಂದಳು. "ಎಂಗೇಜ್‌ಮೆಂಟ್ ಕಾರ್ಡ್ ಅದಕ್ಕ ಕೊಡು."

ಹೊಸ ಇಟ್ಟಿಗೆ ಹೂತರು. ಅಣ್ಣು ಮಾಮ ತನ್ನ ಹೆಜ್ಜೆಯನ್ನೂ ಹಾಕಿ ನೋಡಿ, "ಹನ್ನೆರಡು," ಎಂದು ಟೀಚರ್ ಕಡೆ ನೋಡದೆ, ಗಾಳಿಗೆ ಹೇಳುವಂತೆ ಹೇಳಿದ. ಸೋನಾಲಿ ಯಾರದೋ ಬೂಟು ಎರವಲು ಪಡೆದು ಹತ್ತು ಸಲ ಒದ್ದಳು. ಮೊದಲ ಮೂರೂ ಬಾರಿಗೆ ತಾಗಿದವು. ಒಂದೊಂದು ಠಣ್ ಶಬ್ದಕ್ಕೂ ಹುಡುಗಿಯರು ಚಪ್ಪಾಳೆ ತಟ್ಟಿದರು. ಬಾರಿಗೆ ಬಡಿದ ಒದೆತಕ್ಕೆ ಚಪ್ಪಾಳೆ ಬಿದ್ದದ್ದು ಆ ಅಂಗಳದಲ್ಲಿ ಅದೇ ಮೊದಲು. ನಾಲ್ಕನೆಯದಕ್ಕೆ ಅವಳು ಪಾದವನ್ನು ಚೆಂಡಿನ ಸ್ವಲ್ಪ ಮೇಲಕ್ಕೆ ತಂದಳು. ಅಲ್ಲಿಂದ ಏಳರಲ್ಲಿ ಐದು ಒಳಗೆ ಹೋದವು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ವಿನೋದಿನಿ ಹಳೆಯ ಪತ್ರ ಹರಿದು ಹೊಸದನ್ನು ಪ್ರಿನ್ಸಿಪಾಲರ ಮುಂದಿಟ್ಟಳು. ಪ್ರಾಕ್ಟೀಸ್ ಅಂಗಳದ ಅಳತೆಯಲ್ಲಿ ಮ್ಯಾನೇಜರಿಂದ ಆದ ತಪ್ಪಿನಿಂದಾಗಿ ಎರಡು ಪೆನಾಲ್ಟಿ ವಿಫಲವಾಗಿರುವ ಸಾಧ್ಯತೆಯಿದೆ, ಆಟಗಾರ್ತಿಯ ಸ್ಥೈರ್ಯದ ಬಗ್ಗೆ ಅನುಮಾನಕ್ಕೆ ಆಧಾರವಿಲ್ಲ, ಹೆಸರು ಮೊದಲಿನಂತೆಯೇ ಇರಲಿ. ಪ್ರಿನ್ಸಿಪಾಲರು ಕನ್ನಡಕದ ಮೇಲಿನಿಂದ ನೋಡಿದರು.

"ಇದನ್ನು ಹೀಗೇ ಕಳಿಸಬೇಕಾ? ಬದಲಾವಣೆ ಇಲ್ಲದಿದ್ರೆ ಪತ್ರವೇ ಬೇಡವಲ್ಲ."

"ಮಂಗಳವಾರದ ಪಂದ್ಯ ಆಯ್ಕೆಗಾರರಲ್ಲಿ ಇಬ್ಬರು ನೋಡಿದ್ದಾರೆ ಸರ್. ಅವರೂ ನನ್ನ ಹಾಗೆಯೇ ಅಂದುಕೊಂಡಿರ್ತಾರೆ."

ಅವರು ಸಹಿ ಹಾಕಿದರು.

ಶನಿವಾರ ಕೊನೆಯ ಪಂದ್ಯ, ಮತ್ತೆ ಬಾಂದ್ರಾದ ಅದೇ ಮೈದಾನ. ಅಂಕಪಟ್ಟಿಯಲ್ಲಿ ಏನೂ ಬದಲಾಗಲಿಕ್ಕಿಲ್ಲದ ಪಂದ್ಯ. ಯಲ್ಲಾಲಿಂಗ ಮೊದಲ ಸಲ ಆಟ ನೋಡಲು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಗೋಲಿನ ಹಿಂದಿನ ತಂತಿಬೇಲಿಗೆ ಒರಗಿ ನಿಂತಿದ್ದ. ದ್ವಿತೀಯಾರ್ಧದಲ್ಲಿ ಒಂದಕ್ಕೆ ಒಂದು ಆಗಿದ್ದಾಗ ಎದುರು ತಂಡದ ಹುಡುಗಿಯ ಕೈಗೆ ಚೆಂಡು ತಾಗಿ ಪೆನಾಲ್ಟಿ ಸಿಕ್ಕಿತು. ಸುಭಾಷ ವಿನೋದಿನಿಯ ಕಡೆ ನೋಡಿದ. ವಿನೋದಿನಿ ನೋಟ್‌ಬುಕ್ಕಿನ ಕಡೆ ನೋಡಿದಳು. ಅಷ್ಟರಲ್ಲಿ ಕ್ಯಾಪ್ಟನ್ ಶ್ರಾವ್ಯಾ ಚೆಂಡನ್ನು ಎತ್ತಿಕೊಂಡು ಹೋಗಿ, ಯಾರನ್ನೂ ಕೇಳದೆ, ಸೋನಾಲಿಯ ಕೈಗೆ ಕೊಟ್ಟಳು.

ಸೋನಾಲಿ ಒದ್ದಳು. ಎಡಕ್ಕೆ, ಬಾರಿಗಿಂತ ಒಂದು ಮೊಳ ಕೆಳಗೆ, ಜೋರಾಗಿ. ಎದುರಿನ ಗೋಲ್‌ಕೀಪರ್ ಅತ್ತಲೇ ಹಾರಿ, ಬೆರಳ ತುದಿಯಿಂದ ಹೊರಗೆ ತಳ್ಳಿದಳು. ನೋಡತಕ್ಕ ತಡೆ ಅದು. ಎರಡೂ ತಂಡದವರು ಹೋ ಎಂದರು.

ಸೋನಾಲಿ ತಲೆ ತಗ್ಗಿಸಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಆ ಗೋಲ್‌ಕೀಪರನ್ನೇ ಒಂದು ಕ್ಷಣ ನೋಡಿ, ಹೆಬ್ಬೆರಳೆತ್ತಿ ತೋರಿಸಿ, ಕಾರ್ನರಿಗೆ ಓಡಿದಳು. ಪಂದ್ಯ ಒಂದಕ್ಕೊಂದರಲ್ಲೇ ಮುಗಿಯಿತು. ಏಳು ಪಂದ್ಯ, ಐದನೇ ಸ್ಥಾನ.

"ಈ ಸಲ ಅಕಿ ತಡದ್ಳು ಮ್ಯಾಮ್," ಎಂದಳು ಸೋನಾಲಿ ಬೆವರೊರೆಸಿಕೊಳ್ಳುತ್ತ. "ನಂದು ಸಹಿ ಥಾ. ಸರಿ ಇತ್ತು. ಅಕಿದು ಇನ್ನೂ ಚಲೋ ಇತ್ತು. ಅಷ್ಟೇ."

"ಬರ್ಕೊಳ್ಲಾ ಹಾಗೆ?"

"ಬರೀರಿ. ಲೇಕಿನ್ ಮೊದಲ ಅಳೀರಿ."

ವಿನೋದಿನಿಗೆ ಅರ್ಥವಾಗಲಿಲ್ಲ. ಸೋನಾಲಿ ಬೇಲಿಯ ಆಚೆ ಕೈ ಬೀಸಿ ಕರೆದಳು: "ಪಪ್ಪಾ, ಟೇಪ್!" ಯಲ್ಲಾಲಿಂಗ ಜೇಬಿನಿಂದ ಡಬ್ಬಿ ತೆಗೆದು ಬೇಲಿಯ ಮೇಲಿಂದ ಎಸೆದ, ಕೊಟ್ಟು ಕಳಿಸುವ ಅಭ್ಯಾಸ ಒಂದೇ ದಿನದಲ್ಲಿ ಆಗಿಬಿಟ್ಟಿತ್ತು. ಮೈದಾನದವನು ಬಲೆ ಬಿಚ್ಚುವುದನ್ನು ನಿಲ್ಲಿಸಿ ಇವರೇನು ಮಾಡುತ್ತಾರೆಂದು ನೋಡಿದ. ಸೋನಾಲಿ ಗೋಲಿನ ಗೆರೆಯ ಮೇಲೆ ಮಂಡಿಯೂರಿ ಸೊನ್ನೆಯನ್ನು ಒತ್ತಿ ಹಿಡಿದಳು.

"ಎಷ್ಟ್ ಬಂತು ಮ್ಯಾಮ್? ಕಳೀಬ್ಯಾಡ್ರಿ, ಕೂಡಸಬ್ಯಾಡ್ರಿ. ಇದ್ದಷ್ಟೇ ಹೇಳ್ರಿ."

ವಿನೋದಿನಿ ಕನ್ನಡಕ ಸ್ವಲ್ಪ ಕೆಳಗೆ ಸರಿಸಿ, ಸುಣ್ಣದ ಚುಕ್ಕೆಯ ನಡುವೆ ಬಗ್ಗಿ ಓದಿದಳು.

"ಹನ್ನೊಂದು ಮೀಟರ್, ಎರಡು ಸೆಂಟಿಮೀಟರ್."